ಆಂಟೆನಾ ಗುಜರಿಗೆ ಹಾಕಬೇಡಿ ಅಂತ ಬಂದ ಫಾರ್ವರ್ಡ್

ಗುಂಪು: ಹಳೇಪೇಟೆ ಮನೆಯೋರು, ದಾವಣಗೆರೆ

ಶಿವಣ್ಣ ದೊಡ್ಡಪ್ಪ (ಫಾರ್ವರ್ಡ್): ಎಲ್ಲಾ ಕನ್ನಡಿಗರಿಗೂ ತಲುಪಿಸಿ! 1981ರ ನವೆಂಬರ್ 1ಕ್ಕೆ ಬೆಂಗಳೂರು ದೂರದರ್ಶನ ಶುರುವಾದ ದಿನವೇ ದಾವಣಗೆರೆ, ಚಿತ್ರದುರ್ಗದಲ್ಲೂ ಚಿತ್ರ ಬಂದಿತ್ತು. ಅದೇ ಆಂಟೆನಾದಲ್ಲಿ ಚಂದನ ಮತ್ತೆ ಬರಲಿದೆ. ಹಳೇ ಆಂಟೆನಾ ಗುಜರಿಗೆ ಹಾಕಬೇಡಿ.

ಶಿವಣ್ಣ ದೊಡ್ಡಪ್ಪ: ಇದಕ್ಕೇ ನಾನು ಇಳಿಸಬೇಡ್ರಪ್ಪ ಅಂದಿದ್ದು.

ಮಂಜು: ದೊಡ್ಡಪ್ಪ, ಬರೆದವರು ಯಾರು? ಪ್ರಕಟಣೆ ಎಲ್ಲೈತೆ? ತಾರೀಖು ಒಂದು ಸರಿ. ಬೆಂಗಳೂರಿಂದ ಇಲ್ಲಿಗೆ ನೇರ ಗೆರೆಯಲ್ಲೇ 240 ಕಿ.ಮೀ. ಗೋಪುರ 150 ಮೀಟರ್, ಮನೆ ಆಂಟೆನಾ 10 ಮೀಟರ್ ಅಂತ ಇಟ್ಕೊಳ್ಳಿ. ಎರಡರ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿದ್ರೆ ಸಿಗ್ನಲ್ ತಲುಪೋ ದೂರ 63 ಕಿ.ಮೀ. ಆಮೇಲೆ ಭೂಮಿಯ ಬಾಗೇ ಅಡ್ಡ.

ಶಿವಣ್ಣ ದೊಡ್ಡಪ್ಪ: ಹಿರಿಯರು ಒಂದು ಒಳ್ಳೇದು ಕಳಿಸಿದ್ರೆ ವರ್ಗಮೂಲ ಕೇಳ್ತೀರಿ. ನಮ್ಮ ಭಾಷೆಯ ವಾಹಿನಿ, ಅಭಿಮಾನ ಇರಲಿ.

ಗಿರಿಜಕ್ಕ: ಮಂಜು ಮನೆ ಪಾಲಿನ ಮಾತು ಬಂದಾಗಲೂ ಹಿಂಗೇ ಲೆಕ್ಕ ಕೇಳಿದ್ದ.

ಮಂಜು: ಅದಕ್ಕೂ ಇದಕ್ಕೂ ಏನು ಸಂಬಂಧ ಅಕ್ಕ?

ಸುಮ: ಆಗ ಒಬ್ಬರು ಮಾಳಿಗೆ ಮೇಲೆ ಆಂಟೆನಾ ಪೈಪ್ ತಿರುಗಿಸೋದು, ಕೆಳಗಿನೋರು "ಬಂತು ಬಂತು, ಅಲ್ಲೇ ಬಿಡು" ಅನ್ನೋದು! ದುರ್ಗದಲ್ಲಿ ಟಿವಿ ಒಳಗೆ ಒಬ್ಬ ಮನುಷ್ಯನ ಪಕ್ಕ ಅವನದೇ ನೆರಳು ನಿಂತಿರ್ತಿತ್ತು.

ರುದ್ರೇಶ: ಸುಮಕ್ಕ, ಆ ನೆರಳು ಗುಡ್ಡದ್ದು. ಮನೆ ಹಿಂದೆ 1.5 ಕಿ.ಮೀ. ದೂರದ ಬಂಡೆಗೆ ಬಡಿದು ವಾಪಸ್ ಬರೋ ತರಂಗ 3 ಕಿ.ಮೀ. ಹೆಚ್ಚು ಓಡುತ್ತೆ, 10 ಮೈಕ್ರೋಸೆಕೆಂಡ್ ತಡ. ಪರದೆ ಮೇಲೆ ಎಡದಿಂದ ಬಲಕ್ಕೆ ಒಂದು ಗೆರೆ ಬರೆಯೋಕೆ ಇರೋದೇ 52 ಮೈಕ್ರೋಸೆಕೆಂಡ್. ಹಂಗಾಗಿ ಪರದೆಯ ಐದನೇ ಒಂದು ಪಾಲು ಬಲಕ್ಕೆ ಇನ್ನೊಂದು ಚಿತ್ರ. ಸಿಗ್ನಲ್ ಜೋರು ಮಾಡೋ ಬೂಸ್ಟರ್ ಹಾಕಿದ್ರೆ ನೆರಳೂ ಜೋರಾಗ್ತಿತ್ತು. ಮುಂದೆ ಡೈರೆಕ್ಟರ್ ಕಡ್ಡಿ ಜಾಸ್ತಿ ಇದ್ದು ಒಂದೇ ದಿಕ್ಕಿಂದ ಹಿಡಿಯೋ ಆಂಟೆನಾನೇ ಬೇಕಿತ್ತು.

ಶಿವಣ್ಣ ದೊಡ್ಡಪ್ಪ: ನೋಡಿ, ದುರ್ಗದಲ್ಲಿ ಬರ್ತಿತ್ತು ಅಂತ ಅವನೇ ಒಪ್ಪಿದ.

ರುದ್ರೇಶ: ಬಂದಿದ್ದು ಬೆಂಗಳೂರಿಂದ ನೇರವಾಗಿ ಅಲ್ಲ ದೊಡ್ಡಪ್ಪ. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೆ ಹೋದ್ಮೇಲೆ ಊರೂರಿಗೆ 100 ವಾಟಿನ ಮರುಪ್ರಸಾರ ಕೇಂದ್ರ ಇಟ್ಟರು. ಮೊದಮೊದಲು ಅವು ಉಪಗ್ರಹದಿಂದ ದಿಲ್ಲಿ ಹಿಂದಿ ಕಾರ್ಯಕ್ರಮ ಹಿಡಿದು ಹಂಚೋವು. ನಮ್ಮ ರಾಜ್ಯದಲ್ಲಿ ಬೆಂಗಳೂರಿಗಿಂತ ಮುಂಚೆ ಟಿವಿ ಕಂಡಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳು, 1975ರಲ್ಲಿ ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ತೋರಿಸಿದ ಸೈಟ್ ಪ್ರಯೋಗದಲ್ಲಿ. ಇದನ್ನ ಯಾರೂ ಫಾರ್ವರ್ಡ್ ಮಾಡಲ್ಲ, ಅದೇ ಬೇಜಾರು.

ಮಂಜು: ಹಳೇ ಆಂಟೆನಾ ಹಿಡೀತಿದ್ದ ಆ ಅನಲಾಗ್ ಪ್ರಸಾರವನ್ನ 2022ರ ಮಾರ್ಚ್ ಕೊನೆಯೊಳಗೆ ಹಂತಹಂತವಾಗಿ ನಿಲ್ಲಿಸಿದ್ರು, ಆಯಕಟ್ಟಿನ ಕೆಲವು ಜಾಗ ಬಿಟ್ಟು. ಪೈಪ್ ಎತ್ತರ ಮಾಡಿದ್ರೂ ಹಿಡಿಯೋಕೆ ಏನೂ ಇಲ್ಲ.

ಗಿರಿಜಕ್ಕ: ಹಂಗಾದ್ರೆ ಅವ್ವನಿಗೆ ಚಂದನ ಹೆಂಗೆ ಹಾಕಿಕೊಡೋದು? ಜಗಳ ಬಿಟ್ಟು ಅದು ಹೇಳ್ರೋ.

ರುದ್ರೇಶ: ಡಿಡಿ ಫ್ರೀ ಡಿಶ್ ಹಾಕ್ಸಿ, ತಿಂಗಳ ಬಾಡಿಗೆ ಇಲ್ಲ. 60 ಸೆಂ.ಮೀ. ತಟ್ಟೆ ಸಾಕು. ಉಪಗ್ರಹ 93.5 ಡಿಗ್ರಿ ಪೂರ್ವದಲ್ಲೈತೆ. ನಮ್ಮೂರಿಂದ ಆಗ್ನೇಯಕ್ಕೆ, ಉತ್ತರದಿಂದ ಎಣಿಸಿದ್ರೆ 128 ಡಿಗ್ರಿ, ನೆಲದಿಂದ ಮೇಲಕ್ಕೆ 63 ಡಿಗ್ರಿ. ತಟ್ಟೆ ಅಷ್ಟು ಮೇಲೆ ನೋಡಿದಂಗೆ ಕಾಣಲ್ಲ, ಆಫ್‌ಸೆಟ್ ತಟ್ಟೆ ಅದು, ಸಿಗ್ನಲ್ ಓರೆಯಾಗಿ ಬಿದ್ದು ಹಿಡಿಯೋದು. ಮೊದಲು ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡಿ ಕಂಬ ನೆಟ್ಟಗೆ ನಿಲ್ಲಿಸಿ. ಎರಡು ಡಿಗ್ರಿ ವಾಲಿದ್ರೂ ಮಳೆಗೆ ಚಿತ್ರ ಒಡೆಯುತ್ತೆ. ಬಾಕ್ಸಲ್ಲಿ ಸ್ಟ್ರೆಂತ್ ಅಲ್ಲ, ಕ್ವಾಲಿಟಿ ಗೆರೆ ನೋಡಿ. ಹಳೇ ಆಂಟೆನಾ ಕೇಬಲ್ ಬಳಸಬೇಡಿ. ತುದಿ ಸುಲಿದಾಗ ಒಳಗಿನ ತಂತಿ ಜಾಲರಿ ಕಪ್ಪಗಿದ್ರೆ ನೀರು ಇಳಿದೈತೆ ಅಂತ.

ಶಿವಣ್ಣ ದೊಡ್ಡಪ್ಪ: ಆಗ್ನೇಯಕ್ಕೆ ತೆಂಗಿನ ಮರ ಐತಲ್ಲ.

ರುದ್ರೇಶ: ಮರ ತಟ್ಟೆಗಿಂತ 5 ಮೀಟರ್ ಎತ್ತರ ಇದ್ರೆ ಗರಿಯ ತುದಿಯಿಂದ 3 ಮೀಟರ್ ದೂರ ಇಡಿ, ಸಾಕು.

ಶಿವಣ್ಣ ದೊಡ್ಡಪ್ಪ: ಭಾನುವಾರ ಬಾ. ಹಳೇ ಆಂಟೆನಾನೂ ಇಳಿಸಿಬಿಡು. ಮಂಜುನ್ನೂ ಕರ್ಕೊಂಡು ಬಾ.

ಮಂಜು: ಬರ್ತೀನಿ ದೊಡ್ಡಪ್ಪ. ಅಲ್ಲೀವರೆಗೂ ಪೈಪನ್ನ ಬಿಗಿದು ಹಿಡಿದಿರೋ ಎಳೆತಂತಿ ಯಾರೂ ಬಿಚ್ಚಬೇಡಿ. ಕರೆಂಟ್ ಲೈನ್ ಆ ಗೋಡೆ ಪಕ್ಕದಲ್ಲೇ ಹೋಗೈತೆ, ಪೈಪ್ ಆ ಕಡೆ ವಾಲಬಾರದು.