ನೈಟ್ರೋಜನ್ ಟ್ಯೂಬ್: ಕಂಪನ ಮಟ್ಟಗಳ ಅಂತರ ಯಾಕೆ ಕಡಿಮೆ ಬರುತ್ತಿದೆ?

ಸೀಳುಕಿಂಡಿ:
ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ನೈಟ್ರೋಜನ್ ಡಿಸ್ಚಾರ್ಜ್ ಟ್ಯೂಬಿನ ರೋಹಿತ ತೆಗೆದು, ಅಣುವಿನ ಬಿ ಎಂಬ ಶಕ್ತಿಸ್ಥಿತಿಯ ಕಂಪನ ಮಟ್ಟಗಳನ್ನು ಅಳೆಯಲು ಹೊರಟಿದ್ದೇನೆ. 0-1, 0-2, 0-3 ಪಟ್ಟೆಗಳು ಮೂರೂ ಅದಕ್ಕಿಂತ ಮೇಲಿನ ಸಿ ಸ್ಥಿತಿಯ ಒಂದೇ ಮಟ್ಟದಿಂದ ಇಳಿಯುತ್ತವೆ (ಮೊದಲ ಅಂಕಿ ಸಿ ಮಟ್ಟದ್ದು, ಎರಡನೆಯದು ಬಿ ಮಟ್ಟದ್ದು). ಹಾಗಾಗಿ ತರಂಗಸಂಖ್ಯೆಗಳನ್ನು (ಒಂದು ಸೆಂಟಿಮೀಟರಿನಲ್ಲಿ ಹಿಡಿಯುವ ಅಲೆಗಳ ಸಂಖ್ಯೆ) ಕಳೆದರೆ ಉತ್ತರ ಸಿಗಬೇಕು. ಸೆಂಟಿಮೀಟರಿಗೆ 1677 ಮತ್ತು 1648 ಬರಬೇಕಾದಲ್ಲಿ ನನಗೆ 1581 ಮತ್ತು 1568 ಬರುತ್ತಿದೆ. 337.1 ನ್ಯಾನೋಮೀಟರಿನ 0-0 ಪಟ್ಟೆಯಂತೂ ಕಾಣುವುದೇ ಇಲ್ಲ. ಮಾಪನಾಂಕನವನ್ನು (ಯಾವ ಪಿಕ್ಸೆಲ್ ಯಾವ ತರಂಗಾಂತರ ಎಂದು ಗುರುತಿಸುವುದನ್ನು) ಸರಿಯಾಗಿಯೇ ಮಾಡಿದ್ದೇನೆ, ದಯವಿಟ್ಟು ಅದನ್ನು ಕೇಳಬೇಡಿ.

ನಿರ್ವಾತಪ್ರಿಯ:
ಗಾಳಿಯಲ್ಲಿನ ತರಂಗಾಂತರವನ್ನು ನಿರ್ವಾತಕ್ಕೆ ಬದಲಾಯಿಸಿಲ್ಲ. ಹೊಸಬರೆಲ್ಲರೂ ಎಡವುವುದು ಇಲ್ಲಿಯೇ.

ಅಡುಗೆಮನೆ_ಲ್ಯಾಬ್:
ಸ್ಲಿಟ್ ಎಷ್ಟು ಅಗಲ ಇದೆ? ಈ ಪಟ್ಟೆಗಳ ಚೂಪಾದ ಅಂಚು ಉದ್ದ ತರಂಗಾಂತರದ ಕಡೆಗಿರುತ್ತದೆ, ಮಸುಕಾಗುತ್ತಾ ಹೋಗುವುದು ನೇರಳೆಯ ಕಡೆಗೆ. ನೀವು ಅಂಚನ್ನು ಬಿಟ್ಟು ನಡುವಿನ ಉಬ್ಬನ್ನು ಅಳೆದಿದ್ದೀರಿ ಎಂದು ನನ್ನ ಅನುಮಾನ. ನನ್ನದು ಎರಡು ಬ್ಲೇಡುಗಳ ಸ್ಲಿಟ್, ಕೂದಲಿಗಿಂತ ಕಿರಿದು, ಕೈಯಿಂದಲೇ ಜೋಡಿಸಿದ್ದು.

ಸೀಳುಕಿಂಡಿ:
ಅಂಚನ್ನೇ ಅಳೆದಿದ್ದೇನೆ. ನಿರ್ವಾತದ ತಿದ್ದುಪಡಿ ಹಾಕಿ ನೋಡಿದೆ, ಅಂತರದಲ್ಲಿ ಸೆಂಟಿಮೀಟರಿಗೆ ಅರ್ಧ ಅಲೆಯಷ್ಟೂ ಬದಲಾಗಲಿಲ್ಲ.

ನಿರ್ವಾತಪ್ರಿಯ:
ಅರ್ಧವೂ ದೋಷವೇ.

ಹಳೇಗಾಜು:
ತೊಂಬತ್ತಾರು ಕಳೆದುಕೊಂಡವರಿಗೆ ಅರ್ಧದ ಲೆಕ್ಕ ಹೇಳುತ್ತೀರಲ್ಲ, ಮಹಾರಾಯರೇ! ಸೀಳುಕಿಂಡಿಯವರೇ, ಅಂತರ ಬೇಡ, ಮೂರು ಪಟ್ಟೆಗಳ ತರಂಗಾಂತರಗಳನ್ನೇ ಬರೆಯಿರಿ. ಮಾಪನಾಂಕನಕ್ಕೆ ಯಾವ ರೇಖೆಗಳನ್ನು ಬಳಸಿದಿರಿ? ಕೇಳಬೇಡಿ ಎಂದಿರಿ, ಆದರೂ ಕೇಳುತ್ತಿದ್ದೇನೆ.

ಅಡುಗೆಮನೆ_ಲ್ಯಾಬ್:
ಟ್ಯೂಬಿನೊಳಗೆ ಗಾಳಿ ಸೇರಿರಬಹುದು. ಅಂದ ಹಾಗೆ, ನೈಟ್ರೋಜನ್ ರೋಹಿತದ ನಿಜವಾದ ಸೊಗಸು ಈ ಪಟ್ಟೆಗಳಲ್ಲಿ ಇಲ್ಲ. 1929ರಲ್ಲಿ ರಾಸೆಟ್ಟಿ ತೆಗೆದ ರಾಮನ್ ರೋಹಿತದಲ್ಲಿ ಸಮಸಂಖ್ಯೆಯ ರೇಖೆಗಳೇ ಹೆಚ್ಚು ಪ್ರಖರವಾಗಿದ್ದವು. ಅದನ್ನು ಕಂಡೇ ಹೈಟ್ಲರ್ ಮತ್ತು ಹರ್ಜ್‌ಬರ್ಗ್, ನೈಟ್ರೋಜನ್ ಬೀಜಕೇಂದ್ರ ಬೋಸ್ ಸಂಖ್ಯಾಶಾಸ್ತ್ರವನ್ನು, ಅಂದರೆ ಒಳಗಿನ ಕಣಗಳು ಸಮಸಂಖ್ಯೆಯಲ್ಲಿದ್ದರೆ ನಡೆಯುವ ನಿಯಮವನ್ನು, ಪಾಲಿಸುತ್ತದೆ ಎಂದರು. 14 ಪ್ರೋಟಾನ್, 7 ಎಲೆಕ್ಟ್ರಾನ್, ಒಟ್ಟು 21 ಎಂಬ ಅಂದಿನ ಲೆಕ್ಕ ಅದಕ್ಕೆ ಹೊಂದಲೇ ಇಲ್ಲ. ಲೆಕ್ಕ ಸರಿಮಾಡಿದ ನ್ಯೂಟ್ರಾನ್ ಸಿಕ್ಕಿದ್ದು 1932ರಲ್ಲಿ. ರಾಮನ್ ರೋಹಿತಕ್ಕಾಗಿ ನಾನೂ ಲೇಸರ್ ತರಿಸಿದ್ದೇನೆ, ಚಿತ್ರ ಬೇಕಿದ್ದರೆ ಹಾಕುತ್ತೇನೆ.

ಹಳೇಗಾಜು:
ಬೇಡ.

ಸೀಳುಕಿಂಡಿ:
360.6, 382.4, 406.8. ಸಿಎಫ್‌ಎಲ್ ದೀಪದ ಪಾದರಸದ ರೇಖೆಗಳು: 435.8 ಮತ್ತು 546.1. ಎರಡು ಬಿಂದು, ನಡುವೆ ನೇರ ಗೆರೆ. ಎಲ್ಲರೂ ಹೀಗೇ ಮಾಡುತ್ತಾರಲ್ಲವೇ? ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್ ಮಿಲಿಮೀಟರಿಗೆ 1000 ಗೆರೆಯದು, ಬೆಳಕು ನೇರವಾಗಿ ಬೀಳುತ್ತದೆ, ಕ್ಯಾಮೆರಾ 30 ಡಿಗ್ರಿ ಓರೆ.

ಹಳೇಗಾಜು:
ಇದನ್ನು ಮೊದಲೇ ಹೇಳಿದ್ದರೆ ಎರಡು ದಿನ ಉಳಿಯುತ್ತಿತ್ತು. ನಿಜವಾದ ಸ್ಥಾನಗಳು 357.7, 380.5, 405.9. ನಿಮ್ಮ ತಪ್ಪು 0.9ರಿಂದ 1.9ಕ್ಕೆ, ಅಲ್ಲಿಂದ 2.9ಕ್ಕೆ, 435.8ರಿಂದ ದೂರ ಹೋದಷ್ಟೂ ಬೆಳೆಯುತ್ತಿದೆ. ಗ್ರೇಟಿಂಗಿನಲ್ಲಿ ತರಂಗಾಂತರ ಕೋನದ ಸೈನ್‌ಗೆ ಅನುಪಾತವಾಗಿರುತ್ತದೆಯೇ ಹೊರತು ಪಿಕ್ಸೆಲ್‌ಗಲ್ಲ. ನಿಮ್ಮ ಜೋಡಣೆಯಲ್ಲಿ ನೇರಳೆಯ ಕಡೆ ಪ್ರತಿ ಪಿಕ್ಸೆಲ್ ಹೆಚ್ಚು ನ್ಯಾನೋಮೀಟರ್ ಹಿಡಿಯುತ್ತದೆ. ಹಸಿರಿನ ಅಳತೆಗೋಲನ್ನೇ ಅಲ್ಲಿಯವರೆಗೆ ಎಳೆದಿದ್ದರಿಂದ ಅಂತರ ಕುಗ್ಗಿದೆ. ಅದೇ ಸಿಎಫ್‌ಎಲ್‌ನ 404.7 ರೇಖೆಯನ್ನೂ, ಎಕ್ಸ್‌ಪೋಷರ್ ಹೆಚ್ಚಿಸಿ 365.0ರ ರೇಖೆಯನ್ನೂ ಸೇರಿಸಿ, ವಕ್ರರೇಖೆ ಹೊಂದಿಸಿ.

ಅಡುಗೆಮನೆ_ಲ್ಯಾಬ್:
365ಕ್ಕೆ ಕ್ರಿಮಿನಾಶಕ ದೀಪ ಇನ್ನೂ ಚೆನ್ನ.

ಹಳೇಗಾಜು:
ಕಣ್ಣು ಬೇಡದವರಿಗೆ ಚೆನ್ನ. ಅದರ 253.7ರ ಬೆಳಕು ಕಣ್ಣನ್ನು ಸುಡುತ್ತದೆ. ಸೀಳುಕಿಂಡಿಯವರೇ, ಅದರ ಗೋಜಿಗೆ ಹೋಗಬೇಡಿ.

ಸೀಳುಕಿಂಡಿ:
ನಾಲ್ಕು ರೇಖೆಗಳಿಂದ ಮಾಡಿದೆ. 357.8, 380.5, 405.9. ಅಂತರ 1667 ಮತ್ತು 1645! 357ರ ಹತ್ತಿರ 0.1 ನ್ಯಾನೋಮೀಟರ್ ತಪ್ಪಿದರೆ ಸೆಂಟಿಮೀಟರಿಗೆ ಎಂಟರಷ್ಟು ವ್ಯತ್ಯಾಸ ಬರುತ್ತದೆ, ಹಾಗಾಗಿ ಇಷ್ಟು ಸಾಕು. ಮೇಲೇರಿದಂತೆ ಮೆಟ್ಟಿಲು ಕಿರಿದಾಗುವುದನ್ನು ಕಣ್ಣಾರೆ ಕಂಡೆ. ಹಳೇಗಾಜು ಸರ್, ಸಿಟ್ಟಿನಲ್ಲಿ ಬರೆದಿದ್ದಕ್ಕೆ ಕ್ಷಮಿಸಿ. 337.1 ಮಾತ್ರ ಇನ್ನೂ ಕಾಣುತ್ತಿಲ್ಲ.

ಹಳೇಗಾಜು:
ಲೆನ್ಸ್ ಯಾವುದು?

ನಿರ್ವಾತಪ್ರಿಯ:
ಈ 1667ಕ್ಕೆ ನಿರ್ವಾತದ ತಿದ್ದುಪಡಿ ಹಾಕಿದ್ದೀರೋ ಇಲ್ಲವೋ?