ಟ್ರಿಟಿಯಂ ಗಡಿಯಾರವನ್ನು ‘ರೇಡಿಯಂ ವಾಚ್’ ಎನ್ನಬಹುದೇ?

ಸೇನಾ ಮಾದರಿಯ ಕೈಗಡಿಯಾರವೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿರುವಾಗ ಒಂದು ಪದದ ಬಳಿ ನಿಂತುಬಿಟ್ಟಿದ್ದೇನೆ. ಕತ್ತಲಲ್ಲಿ ಮುಳ್ಳುಗಳೂ ಗಂಟೆಯ ಗುರುತುಗಳೂ ಕಾಣುವಂತೆ ಮಾಡುವ ಟ್ರಿಟಿಯಂ (ಜಲಜನಕದ ವಿಕಿರಣಶೀಲ ರೂಪ) ಬೆಳಕಿಗೆ ಏನೆನ್ನಬೇಕೆಂದು ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ಆಡುಮಾತು ಇದನ್ನು ‘ರೇಡಿಯಂ’ ಎಂದು ಕರೆದು ಸುಮ್ಮನಾಗುತ್ತದೆ. ಕತ್ತಲಲ್ಲಿ ಕಾಣುವ ಗಡಿಯಾರವೂ ರೇಡಿಯಂ, ವಾಹನದ ದೀಪ ಬಿದ್ದಾಗ ಹೊಳೆಯುವ ಸ್ಟಿಕ್ಕರೂ ರೇಡಿಯಂ. ಸ್ಟಿಕ್ಕರಿನಲ್ಲಿ ಆ ಧಾತು ಎಂದೂ ಇರಲಿಲ್ಲ; ಅದು ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುತ್ತದೆ, ಅಷ್ಟೆ. ಗಡಿಯಾರದ ಮಟ್ಟಿಗೆ ಹೆಸರಿಗೆ ಆಧಾರವಿದೆ. 20ನೆಯ ಶತಮಾನದ ಮೊದಲರ್ಧದಲ್ಲಿ ಡಯಲ್‌ಗಳಿಗೆ ರೇಡಿಯಂ ಮತ್ತು ಸತುವಿನ ಸಲ್ಫೈಡ್ ಬೆರೆಸಿದ ಬಣ್ಣವನ್ನು ಬಳಿಯುತ್ತಿದ್ದರು; ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದ ಅಮೆರಿಕದ ಹೆಣ್ಣುಮಕ್ಕಳ ದವಡೆ ಕೊಳೆತ ಸಂಗತಿ 1920ರ ದಶಕದಲ್ಲಿ ಬಯಲಿಗೆ ಬಂತು. ರೇಡಿಯಂನ ಅರ್ಧಾಯು, ಎಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 1600 ವರ್ಷ. ಅದರ ಹೊಡೆತ ತಿನ್ನುವ ಸಲ್ಫೈಡ್ ಮಾತ್ರ ಕೆಲವೇ ದಶಕಗಳಲ್ಲಿ ಕೆಡುವುದರಿಂದ, ಹಳೆಯ ಡಯಲ್ ಬೆಳಗದಿದ್ದರೂ ವಿಕಿರಣವನ್ನು ಸೂಸುತ್ತಲೇ ಇರುತ್ತದೆ. 1960ರ ದಶಕದಲ್ಲಿ ಟ್ರಿಟಿಯಂ ಬಣ್ಣ ಆ ಜಾಗಕ್ಕೆ ಬಂತು. ಆ ಕಾಲದ ಡಯಲಿನ ತಳದಲ್ಲಿ ‘ಟಿ ಸ್ವಿಸ್ ಟಿ’ (ಟಿ ಎಂದರೆ ಟ್ರಿಟಿಯಂ) ಎಂಬ ಸಣ್ಣಕ್ಷರಗಳನ್ನೂ, ವಯಸ್ಸಾಗಿ ಕೆನೆಬಣ್ಣಕ್ಕೆ ತಿರುಗಿದ ಚುಕ್ಕೆಗಳನ್ನೂ ಇಂದಿಗೂ ನೋಡಬಹುದು.

ಈಗಿನ ಟ್ರಿಟಿಯಂ ಗಡಿಯಾರದಲ್ಲಿ ಇರುವುದು ಬಣ್ಣವಲ್ಲ, ಸೂಜಿಯಷ್ಟು ಸಪೂರವಾದ ಗಾಜಿನ ನಳಿಕೆ. ಅದರ ಒಳಮೈಗೆ ಸತುವಿನ ಸಲ್ಫೈಡಿನಂಥ ಲೇಪ ಹಚ್ಚಿ, ಟ್ರಿಟಿಯಂ ಅನಿಲ ತುಂಬಿ, ತುದಿಗಳನ್ನು ಲೇಸರ್‌ನಿಂದ ಬೆಸೆದಿರುತ್ತಾರೆ. ಜಲಜನಕದ ಈ ಮೂರನೆಯ ಐಸೋಟೋಪು ಎಲೆಕ್ಟ್ರಾನನ್ನು ಹೊರಚೆಲ್ಲಿ ಹೀಲಿಯಂ-3 ಆಗುತ್ತದೆ. ಆ ಎಲೆಕ್ಟ್ರಾನ್ ಲೇಪಕ್ಕೆ ತಾಕಿದಾಗ ಬೆಳಕು ಹುಟ್ಟುತ್ತದೆ, ಆದರೆ ಗಾಜನ್ನು ದಾಟುವಷ್ಟು ಬಲ ಆ ಎಲೆಕ್ಟ್ರಾನಿಗಿಲ್ಲ. ಬೆಳಗುವುದು ಲೇಪವೇ ಹೊರತು ಟ್ರಿಟಿಯಂ ಅಲ್ಲ ಎಂಬುದನ್ನು ಪದ ಕಟ್ಟುವವರು ಮರೆಯಬಾರದು.

‘ತಯಾರಕ’ ಎಂಬ ಪದವೂ ಇಲ್ಲಿ ತೊಡಕೇ. ಸ್ವಿಟ್ಜರ್ಲೆಂಡಿನ ಬರ್ನ್ ಬಳಿಯ ನೀಡರ್‌ವಾಂಗೆನ್‌ನಲ್ಲಿರುವ, 1969ರಲ್ಲಿ ಆರಂಭವಾದ ಎಂಬಿ ಮೈಕ್ರೋಟೆಕ್ ಈ ನಳಿಕೆಗಳನ್ನು ಮಾಡುತ್ತದೆ. ಟ್ರೇಸರ್ ಅದರದೇ ಗಡಿಯಾರ. ಲುಮಿನಾಕ್ಸ್, ಬಾಲ್ ಹಾಗೂ ಕೆನಡಾದ ಮ್ಯಾರಥಾನ್ ಕಂಪನಿಗಳು ಅಲ್ಲಿಂದ ಬಂದ ನಳಿಕೆಗಳನ್ನು ತಮ್ಮ ಗಡಿಯಾರಗಳಲ್ಲಿ ಕೂಡಿಸುತ್ತವೆ. ಆದ್ದರಿಂದ ‘ಗಡಿಯಾರ ತಯಾರಕ’, ‘ನಳಿಕೆ ತಯಾರಕ’ ಎಂದು ಬಿಡಿಸಿ ಬರೆಯುವುದೇ ಸರಿ. ‘ಸೇನಾ ಮಾದರಿ’ ಎಂದರೆ ಸೇನೆಗೆ ಒದಗಿಸಿದ್ದು ಎಂದು ಓದುಗರು ತಿಳಿಯುವ ಅಪಾಯವೂ ಇದೆ.

ಇನ್ನು ಬೆಳಕಿನ ಮಾತು. ‘ಹೊಳೆಯುವುದು’ ಎಂದರೆ ತೊಳೆದ ಪಾತ್ರೆಯೂ ಹೊಳೆಯುತ್ತದೆ. ಅದಕ್ಕೆ ಹೊರಗಿನ ಬೆಳಕು ಬೇಕು. ‘ಮಿನುಗುವುದು’ ಎಂದಾಗ ನಕ್ಷತ್ರದಂತೆ ಹೆಚ್ಚುಕಡಿಮೆಯಾಗುವ ಭಾವ ಬರುತ್ತದೆ, ಈ ನಳಿಕೆಯ ಬೆಳಕಾದರೋ ಅಲುಗುವುದಿಲ್ಲ. ‘ಬೆಳಗುವುದು’ ನನಗೆ ಒಪ್ಪಿತವಾದರೂ, ಇಂದು ಹೆಚ್ಚಿನ ಗಡಿಯಾರಗಳಲ್ಲಿರುವ ಸೂಪರ್ ಲುಮಿನೋವಾದಂಥ ಲೇಪಗಳಿಗೂ ಅದೇ ಪದ ಹೊಂದುತ್ತದೆ. ಅವು ಹಗಲು ಕುಡಿದ ಬೆಳಕನ್ನು ರಾತ್ರಿ ಚೆಲ್ಲುವಂಥವು. ಟಾರ್ಚಿಗೆ ಹಿಡಿದ ಕೂಡಲೇ ನಳಿಕೆಯನ್ನು ಮೀರಿಸಿ ಬೆಳಗುತ್ತವೆ, ಬೆಳಗಿನ ಜಾವದ ಹೊತ್ತಿಗೆ ಸೊರಗಿರುತ್ತವೆ. ಕಡ ತಂದ ಬೆಳಕಿಗೂ ಕಡವಿಲ್ಲದ ಬೆಳಕಿಗೂ ಬೇರೆ ಬೇರೆ ಹೆಸರು ಬೇಕೆಂಬುದೇ ನನ್ನ ಹಟ.

‘ಸ್ವಯಂಪ್ರಭೆ’ ಎಂದು ಒಮ್ಮೆ ಬರೆದೆ. ಸೀತೆಯನ್ನು ಅರಸುತ್ತ ಹೊರಟ ವಾನರರಿಗೆ ಗುಹೆಯೊಳಗೆ ಸಿಕ್ಕ ತಪಸ್ವಿನಿಯ ಹೆಸರದು, ಕಿವಿಗೆ ಇಂಪಾಗಿದೆ. ಆದರೆ ಕೈಪಿಡಿಯಲ್ಲಿ ನಗೆಪಾಟಲಾದೀತು. ಪ್ರತಿದೀಪ್ತಿ (ಫ್ಲೋರೊಸೆನ್ಸ್) ಎಂಬ ಪಠ್ಯಪುಸ್ತಕದ ಪದವನ್ನು ನೆನೆದು ಸದ್ಯಕ್ಕೆ ‘ಸ್ವಯಂದೀಪ್ತಿ’, ‘ದೀಪ್ತಿಲೇಪ’, ‘ದೀಪ್ತಿನಳಿಕೆ’ ಎಂದು ಇಟ್ಟುಕೊಂಡಿದ್ದೇನೆ. ಆ ಲೇಪಕ್ಕೆ ಇಂಗ್ಲಿಷಿನಲ್ಲಿರುವ ‘ಫಾಸ್ಫರ್’ ಎಂಬ ಹೆಸರನ್ನು ಕೆಲವರು ‘ರಂಜಕ’ ಎಂದು ಅನುವಾದಿಸುವುದುಂಟು. ಅದು ತಪ್ಪು. ರಂಜಕವೆಂದರೆ ಫಾಸ್ಫರಸ್ ಧಾತು. ಸತುವಿನ ಸಲ್ಫೈಡಿನಲ್ಲಿ ಅದರ ಸುಳಿವೂ ಇಲ್ಲ.

ಉಳಿದ ತೊಡಕು ಕ್ರಿಯಾಪದದ್ದು. ಟ್ರಿಟಿಯಂನ ಅರ್ಧಾಯು 12.3 ವರ್ಷ. ಹನ್ನೆರಡು ವರ್ಷ ಕಳೆದಾಗ ಬೆಳಕು ‘ಆರುತ್ತದೆ’ ಎಂದು ಬರೆದರೆ ದೀಪ ನಂದಿದಂತೆ ಕೇಳುತ್ತದೆ, ‘ಮಾಸುತ್ತದೆ’ ಎಂದರೆ ಬಟ್ಟೆಯ ಬಣ್ಣದ ಮಾತಾಗುತ್ತದೆ. ಅರ್ಧಕ್ಕೆ ಇಳಿದು, 25 ವರ್ಷಕ್ಕೆ ಕಾಲು ಭಾಗವಾಗಿ, ಹೀಗೆ ಸವೆಯುತ್ತ ಹೋಗುವ ಬೆಳಕಿಗೆ ‘ಕುಂದುತ್ತದೆ’ ಎನ್ನುವುದೇ ಮೇಲೆಂದು ನನಗೆ ತೋರುತ್ತದೆ. ಗಡಿಯಾರ ರಿಪೇರಿ ಮಾಡುವವರ ಬಾಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ, ನಾನು ಕಟ್ಟಿದ ಪದಗಳನ್ನು ಬಿಟ್ಟು ಅದನ್ನೇ ಬಳಸಲು ಸಿದ್ಧನಿದ್ದೇನೆ.