ಅಡುಗೆಕಟ್ಟೆಗೆ ಬಿಳಿ ಮಾರ್ಬಲ್ ಹಾಕಬಹುದಾ, ಗ್ರಾನೈಟೇ ಗತಿಯಾ?

ಪ್ರಶ್ನೆ: ಕೋಥ್ರೂಡ್ ಕನ್ನಡತಿ
ಪುಣೆಯಲ್ಲಿ ಹಳೇ ಕಟ್ಟಡ, ಎರಡನೇ ಮಹಡಿ. ಕಟ್ಟೆ (ಇಲ್ಲಿನವರ ಓಟಾ) 10 ಅಡಿ ಉದ್ದ, 2 ಅಡಿ ಅಗಲ. ಮನೆಯಲ್ಲಿ ಎಲ್ಲರಿಗೂ ಬಿಳಿ ಮಾರ್ಬಲ್ ಮೇಲೆ ಮನಸ್ಸು, ಮೇಸ್ತ್ರಿ ಮಾತ್ರ ಕಪ್ಪು ಗ್ರಾನೈಟ್ ಬಿಟ್ಟು ಬೇರೆ ಮಾತಾಡಲ್ಲ. ಸೀಲರ್ ಬಳಿದರೆ ಮಾರ್ಬಲ್ ತಾಳುತ್ತಾ? 150 ಚದರಡಿ ಹಾಲಿನ ಮೊಸಾಯಿಕ್ ಮೇಲೂ ಮಾರ್ಬಲ್ ಹಾಸುವ ಯೋಚನೆ ಇದೆ.

ಉತ್ತರ: ಠಾಣೆ ಕಲ್ಲುಕುಟಿಗ
ಕಟ್ಟೆಯ ಮಟ್ಟಿಗೆ ಮೇಸ್ತ್ರಿ ಹೇಳಿದ್ದೇ ಸರಿ. ಮಾರ್ಬಲ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಣಸೆ, ನಿಂಬೆ, ಪುನರ್ಪುಳಿ, ಯಾವ ಹುಳಿ ಬಿದ್ದರೂ ಮೇಲ್ಮೈ ಕರಗಿ ಮಂಕಾಗುತ್ತದೆ. ಅದು ಕಲೆಯಲ್ಲ, ಕಲ್ಲೇ ಸವೆದಿರುವುದು, ತಿಕ್ಕಿದರೆ ಹೋಗಲ್ಲ. ಸೀಲರ್ ಎಣ್ಣೆ, ಅರಿಸಿನ ಒಳಗಿಳಿಯುವುದನ್ನು ನಿಧಾನ ಮಾಡುತ್ತದೆ, ಹುಳಿಯನ್ನು ತಡೆಯಲ್ಲ. ಗಟ್ಟಿತನದ ಮೋಸ್ ಅಳತೆಯಲ್ಲಿ ಮಾರ್ಬಲ್ ಸುಮಾರು 3, ಗ್ರಾನೈಟ್ 6ರಿಂದ 7.

ಕಪ್ಪು ಕಲ್ಲು ಕೊಳ್ಳುವಾಗ ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿ ನೋಡಿ. ಬಟ್ಟೆ ಕಪ್ಪಾದರೆ ಬಣ್ಣ ಹೊಡೆದ ಮಾಲು. ಆಮೇಲೆ ನಾಲ್ಕು ಹನಿ ನೀರು ಬಿಟ್ಟು 15 ನಿಮಿಷ ಕಾಯಿರಿ, ಒರೆಸಿದ ಮೇಲೂ ಗುರುತು ಉಳಿದರೆ ಆ ಕಲ್ಲು ಎಣ್ಣೆಯನ್ನೂ ಕುಡಿಯುತ್ತದೆ.

ಗ್ರಾನೈಟ್ ಒಡೆಯುವುದು ಹೆಚ್ಚಾಗಿ ಸಿಂಕ್, ಹಾಬ್‌ (ಕಟ್ಟೆಯೊಳಗೆ ಕೂರಿಸುವ ಒಲೆ) ಇವುಗಳಿಗಾಗಿ ಕೊರೆದ ಮೂಲೆಯಲ್ಲಿ. ಚೌಕಾಕಾರವಾಗಿ ಕೊಯ್ದರೆ ಸೀಳು ಅಲ್ಲಿಂದಲೇ ಶುರು. ಮೂಲೆಗೆ ಮೊದಲು ತೂತು ಹಾಕಿ, ದುಂಡಗೆ ಬಿಟ್ಟು, ಆಮೇಲೆ ಕೊಯ್ಯಿಸಿ. ಮುಂದಿನ ಅಂಚಿಗೆ ಕನಿಷ್ಠ 3 ಇಂಚು ಕಲ್ಲು ಉಳಿಯಲಿ, ಸಿಂಕಿನ ಎರಡೂ ಬದಿಗೆ ಕೆಳಗೆ ಕಡಪ ಕಲ್ಲಿನ ಆಸರೆ ಇರಲಿ. ಅಂಚಿನ ಅಡಿಭಾಗದಲ್ಲಿ ಒಂದು ಸಣ್ಣ ಗೀರು ಕೊಯ್ಸಿದರೆ ನೀರು ಒಳಸರಿದು ಕೆಳಗಿನ ಬಾಗಿಲಿನ ಪ್ಲೈವುಡ್ ಉಬ್ಬಿಸುವುದಿಲ್ಲ. ಇದನ್ನು ಕೇಳಿ ಮಾಡಿಸಬೇಕು, ತಾವಾಗಿ ಯಾರೂ ಮಾಡಲ್ಲ.

ಉತ್ತರ: ಡೊಂಬಿವಲಿ ಸಿವಿಲ್
ಹಾಲ್‌ನ ನೆಲದ ಬಗ್ಗೆ ಯಾರೂ ಉತ್ತರಿಸಲಿಲ್ಲ, ನನಗೆ ಅದೇ ಚಿಂತೆ. 18 ಮಿ.ಮೀ. ಕಲ್ಲು ಚದರ ಮೀಟರಿಗೆ ಸುಮಾರು 49 ಕೆ.ಜಿ., ಕೆಳಗಿನ 40 ಮಿ.ಮೀ. ಗಾರೆ ಇನ್ನೊಂದು 80. ನಿಮ್ಮ ಹಾಲಿಗೆ ಒಟ್ಟು 1.8 ಟನ್ ಹೆಚ್ಚುವರಿ ಭಾರ. ವಾಸದ ಮನೆಯಲ್ಲಿ ಜನ, ಸಾಮಾನು ಎಲ್ಲ ಸೇರಿ ಲೆಕ್ಕ ಹಿಡಿಯುವುದೇ ಚದರ ಮೀಟರಿಗೆ 200 ಕೆ.ಜಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೆಲಕ್ಕೇ ಹೋಯಿತು. ಮೇಲಾಗಿ ನೆಲ ಎರಡು ಇಂಚಿಗೂ ಮಿಕ್ಕಿ ಏರುತ್ತದೆ, ಬಾಗಿಲುಗಳನ್ನೆಲ್ಲ ಕೆಳಗೆ ಕೊಯ್ಯಬೇಕು.

ಹಾಸಲೇಬೇಕೆಂದರೆ ಹಳೇ ಟೈಲ್ಸ್, ಗಾರೆ ಕಿತ್ತು ಹಾಸಿ. ಸೊಸೈಟಿಗೆ ಮೊದಲು ಬರೆದು ಕೊಡಿ. ಆದರೆ ಮೊಸಾಯಿಕ್ ಬಿರುಕಿಲ್ಲದಿದ್ದರೆ ಮಷೀನಿನಲ್ಲಿ ಉಜ್ಜಿಸಿ ಪಾಲಿಶ್ ಮಾಡಿಸಿ. ಅದರೊಳಗಿರುವುದೂ ಹೆಚ್ಚಾಗಿ ಮಾರ್ಬಲ್ ಚೂರೇ, ಹೊಳಪು ಬಂದೇ ಬರುತ್ತದೆ.

ಉತ್ತರ: ಮಡಗಾಂವ್ ಮಾಮ
ಮಾರ್ಬಲನ್ನು ಅಷ್ಟೊಂದು ಬೈಯಬೇಡಿ ಮಾರಾಯ್ರೆ. ನೆಲಮಹಡಿ ಇಲ್ಲವೇ ಹೊಸ ಕಟ್ಟಡವಾದರೆ ಹಾಲಿಗೆ ಅದು ಒಳ್ಳೆಯದೇ: ಮಂಕಾದರೆ ಹಾಸಿದಲ್ಲೇ ಮತ್ತೆ ಉಜ್ಜಬಹುದು, ಗ್ರಾನೈಟಿಗೆ ಕಾರ್ಖಾನೆಯ ಹೊಳಪು ಮನೆಯಲ್ಲಿ ತರುವುದು ಕಷ್ಟ. ಬಿಳಿ ಕಲ್ಲಿನ ಬೆನ್ನಿಗೆ ಬಿಳಿ ಸಿಮೆಂಟೇ ಹಾಕಿಸಿ, ಬೂದು ಸಿಮೆಂಟು ಮೇಲಕ್ಕೆ ನೆರಳಾಡುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಹತ್ತಿರ ತರಬೇಡಿ.

ಕೋಥ್ರೂಡ್ ಕನ್ನಡತಿ
ಮೊಸಾಯಿಕ್ ಪಾಲಿಶ್ ನಮಗೆ ಹೊಳೆದೇ ಇರಲಿಲ್ಲ, ಅದನ್ನೇ ಮಾಡಿಸುತ್ತೇವೆ. ಕಟ್ಟೆಗೆ ಬಿಳಿಯೇ ಬೇಕು ಅಂದರೆ ಕ್ವಾರ್ಟ್ಜ್ ಹಾಕಬಹುದಾ?

ಠಾಣೆ ಕಲ್ಲುಕುಟಿಗ
ಹಾಕಬಹುದು, ಹುಳಿಗೆ ಹೆದರಲ್ಲ. ಆದರೆ ಅದರಲ್ಲಿ ಕಲ್ಲಿನ ಪುಡಿಯನ್ನು ಹಿಡಿದಿರುವುದು ರೆಸಿನ್, ಅಂದರೆ ಪ್ಲಾಸ್ಟಿಕ್‌ನಂಥ ಅಂಟು. ಒಗ್ಗರಣೆಯ ಬಾಣಲೆಯನ್ನು ಒಲೆಯಿಂದ ಇಳಿಸಿ ನೇರ ಅದರ ಮೇಲಿಟ್ಟರೆ ಸುಟ್ಟ ಗುರುತು ಬೀಳುತ್ತದೆ, ಅದನ್ನು ಪಾಲಿಶ್ ಮಾಡಿ ತೆಗೆಯಲಾಗದು. ಒಲೆಯ ಪಕ್ಕ ಒಂದು ಸ್ಟೀಲ್ ಸ್ಟ್ಯಾಂಡ್ ಇಟ್ಟುಕೊಳ್ಳಿ.